ಪೇಟೆಂಟ್ ಅರ್ಜಿ ತಡವಾಗುವುದೆಲ್ಲಿ, ಬೇಗ ಮಾಡಿಸುವುದು ಹೇಗೆ?

ಪೇಟೆಂಟ್ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಸಮಯಕ್ಕೆ ಸಂಬಂಧಿಸಿದವು. ಕಚೇರಿಯ ಸರದಿಯಲ್ಲಿ ಹೋಗುವ ಕಾಲವನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಆದರೆ ಅರ್ಜಿದಾರರ ಕಡೆಯಿಂದಲೇ ಕಳೆದುಹೋಗುವ ತಿಂಗಳುಗಳೂ ಬಹಳ ಇವೆ, ಅವನ್ನು ಉಳಿಸಿಕೊಳ್ಳಬಹುದು. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರುತ್ತವೆ. ಇಲ್ಲಿ ಹೇಳಿರುವ ಶುಲ್ಕಗಳೆಲ್ಲ ಆನ್‌ಲೈನ್ ಸಲ್ಲಿಕೆಯವು. ಕಾಗದದಲ್ಲಿ ಸಲ್ಲಿಸಿದರೆ ಶೇ 10ರಷ್ಟು ಹೆಚ್ಚು ಕಟ್ಟಬೇಕು.

ಪ್ರಶ್ನೆ: ಅಡಿಕೆ ಸುಲಿಯುವ ಯಂತ್ರಕ್ಕೆ 2024ರ ಆಗಸ್ಟ್ 12ರಂದು ನನ್ನ ಹೆಸರಿನಲ್ಲೇ ಅರ್ಜಿ ಹಾಕಿದ್ದೇನೆ. ಪೇಟೆಂಟ್ ಕಚೇರಿಯ ಜರ್ನಲ್‌ನಲ್ಲಿ ಪ್ರಕಟವೂ ಆಗಿದೆ. ಆಮೇಲೆ ಕಚೇರಿಯಿಂದ ಏನೂ ಬಂದಿಲ್ಲ. ಯಾರನ್ನು ವಿಚಾರಿಸಬೇಕು?
— ಓದುಗರು, ತೀರ್ಥಹಳ್ಳಿ

ಉತ್ತರ: ಕಚೇರಿಯನ್ನು ವಿಚಾರಿಸುವ ಮೊದಲು ನಿಮ್ಮ ಫೈಲಿನಲ್ಲಿ ಫಾರ್ಮ್ 18 ಇದೆಯೇ ನೋಡಿ. ಇಲ್ಲದಿದ್ದರೆ ಮೌನಕ್ಕೆ ಕಾರಣ ಅದೇ. ಅರ್ಜಿ ಹಾಕಿದ ಮಾತ್ರಕ್ಕೆ ಪೇಟೆಂಟ್ ಕಚೇರಿ ಪರೀಕ್ಷೆ ಶುರುಮಾಡುವುದಿಲ್ಲ. ‘ಪರೀಕ್ಷಿಸಿ’ ಎಂದು ಫಾರ್ಮ್ 18ರಲ್ಲಿ ಪ್ರತ್ಯೇಕವಾಗಿ ಕೇಳಿ, ಪ್ರತ್ಯೇಕ ಶುಲ್ಕ ಕಟ್ಟಬೇಕು. ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ, ಸಣ್ಣ ಉದ್ದಿಮೆಗಳಿಗೆ ಮತ್ತು ಶಿಕ್ಷಣ ಸಂಸ್ಥೆಗಳಿಗೆ ಈ ಶುಲ್ಕ ₹4,000, ಉಳಿದವರಿಗೆ ₹20,000.

ಇಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ವಿಷಯ ಒಂದಿದೆ. ಪರೀಕ್ಷೆಯ ಸರದಿ ನಿರ್ಧಾರವಾಗುವುದು ಅರ್ಜಿ ಹಾಕಿದ ದಿನಾಂಕದ ಮೇಲಲ್ಲ, ಫಾರ್ಮ್ 18 ಕೊಟ್ಟ ದಿನಾಂಕದ ಮೇಲೆ. ನಿಮಗಿಂತ ಒಂದು ವರ್ಷ ತಡವಾಗಿ ಅರ್ಜಿ ಹಾಕಿದವರು ಅದೇ ದಿನ ಫಾರ್ಮ್ 18 ಕೊಟ್ಟಿದ್ದರೆ ಸಾಲಿನಲ್ಲಿ ನಿಮಗಿಂತ ಮುಂದೆ ನಿಂತಿರುತ್ತಾರೆ. ‘ಕೊನೆಯ ದಿನಾಂಕ ಇನ್ನೂ ದೂರವಿದೆ’ ಎಂದು ₹4,000 ಕಟ್ಟುವುದನ್ನು ಮುಂದೂಡಿದವರು ಕಳೆದುಕೊಳ್ಳುವುದು ಈ ಸ್ಥಾನವನ್ನು.

ಕೊನೆಯ ದಿನಾಂಕದ ಲೆಕ್ಕವೂ ಬದಲಾಗಿದೆ. 2024ರ ಮಾರ್ಚ್ 15ಕ್ಕೆ ಮೊದಲು ಸಲ್ಲಿಸಿದ ಅರ್ಜಿಗಳಿಗೆ ಆದ್ಯತಾ ದಿನಾಂಕದಿಂದ, ಅಂದರೆ ಆ ಸಂಶೋಧನೆಗೆ ಮೊದಲ ಅರ್ಜಿ ಹಾಕಿದ ದಿನದಿಂದ, 48 ತಿಂಗಳ ಅವಕಾಶವಿತ್ತು. ಆ ದಿನ ಮತ್ತು ಆಮೇಲಿನ ಅರ್ಜಿಗಳಿಗೆ ಅದು 31 ತಿಂಗಳಿಗೆ ಇಳಿದಿದೆ. ಇದಕ್ಕೂ ಮುಂಚೆ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಏನೂ ಹಾಕಿರದಿದ್ದರೆ ನಿಮ್ಮ ಗಡುವು 2027ರ ಮಾರ್ಚ್ 12. ಅದು ದಾಟಿದರೆ ಅರ್ಜಿಯನ್ನು ನೀವೇ ಹಿಂಪಡೆದಂತೆ ಕಾನೂನು ಪರಿಗಣಿಸುತ್ತದೆ. ಹಳೆಯ ಪುಸ್ತಕ, ಹಳೆಯ ವಿಡಿಯೊ ನೋಡಿ 48 ತಿಂಗಳು ಎಂದುಕೊಂಡವರು ದಯವಿಟ್ಟು ಇವತ್ತೇ ದಿನಾಂಕ ಲೆಕ್ಕಹಾಕಿ.

ನಿಮ್ಮ ಅರ್ಜಿ ಈಗಾಗಲೇ ಪ್ರಕಟವಾಗಿರುವುದರಿಂದ ಬೇಗ ಪ್ರಕಟಿಸಿ ಎಂದು ಕೇಳುವ ಫಾರ್ಮ್ 9 ಬೇಕಿಲ್ಲ. ಫಾರ್ಮ್ 18 ಒಂದೇ ಸಾಕು.

ಪ್ರಶ್ನೆ: ನಮ್ಮದು ಎರಕದ ಕಾರ್ಖಾನೆ, ಪ್ರೈವೇಟ್ ಲಿಮಿಟೆಡ್ ಕಂಪನಿ. ಉದ್ಯಮ್ ನೋಂದಣಿ ಇದೆ. ಮರಳಿನ ಅಚ್ಚು ತಯಾರಿಸುವ ಹೊಸ ವಿಧಾನಕ್ಕೆ ತ್ವರಿತ ಪರೀಕ್ಷೆ ಸಿಗುತ್ತದೆಯೇ? ಒಟ್ಟು ಎಷ್ಟು ಖರ್ಚು, ಎಷ್ಟು ಕಾಲ?
— ಓದುಗರು, ಬೆಳಗಾವಿ

ಉತ್ತರ: ಸಿಗುತ್ತದೆ. ಪೇಟೆಂಟ್ ನಿಯಮ 24ಸಿ ಪ್ರಕಾರ ಸಣ್ಣ ಉದ್ದಿಮೆಗಳು ತ್ವರಿತ ಪರೀಕ್ಷೆ ಕೇಳಬಹುದು. ಪೇಟೆಂಟ್ ನಿಯಮದಲ್ಲಿ ‘ಸಣ್ಣ ಉದ್ದಿಮೆ’ ಎಂದರೆ ಸೂಕ್ಷ್ಮ ಮತ್ತು ಸಣ್ಣದರ ಜೊತೆಗೆ ಮಧ್ಯಮ ಗಾತ್ರದವೂ ಸೇರುತ್ತವೆ. ಇದಕ್ಕೆ ಇರುವುದು ಫಾರ್ಮ್ 18ಎ. ಇದನ್ನು ಆನ್‌ಲೈನ್‌ನಲ್ಲಿ ಮಾತ್ರ ಸಲ್ಲಿಸಬೇಕು.

ಮೊದಲ ದಿನವೇ ಒಟ್ಟಿಗೆ ಹೋಗಬೇಕಾದ ಕಾಗದಪತ್ರಗಳು ಇವು: ಅರ್ಜಿಯಾದ ಫಾರ್ಮ್ 1, ಪೂರ್ಣ ಸ್ಪೆಸಿಫಿಕೇಶನ್ (ಸಂಶೋಧನೆಯ ಲಿಖಿತ ವಿವರಣೆ) ಇರುವ ಫಾರ್ಮ್ 2, ವಿದೇಶಿ ಅರ್ಜಿಗಳ ವಿವರದ ಫಾರ್ಮ್ 3 (ವಿದೇಶದಲ್ಲಿ ಅರ್ಜಿ ಇಲ್ಲದಿದ್ದರೂ ಕೊಡಬೇಕು), ಸಂಶೋಧಕರು ಯಾರೆಂದು ಘೋಷಿಸುವ ಫಾರ್ಮ್ 5, ಬೇಗ ಪ್ರಕಟಿಸಲು ಫಾರ್ಮ್ 9, ತ್ವರಿತ ಪರೀಕ್ಷೆಯ ಫಾರ್ಮ್ 18ಎ, ಸಣ್ಣ ಉದ್ದಿಮೆ ಎಂದು ಹೇಳಿಕೊಳ್ಳುವ, ಉದ್ಯಮ್ ಪ್ರಮಾಣಪತ್ರ ಲಗತ್ತಿಸಿದ ಫಾರ್ಮ್ 28. ಏಜೆಂಟ್ ಮೂಲಕ ಹೋದರೆ ಅಧಿಕಾರಪತ್ರವಾದ ಫಾರ್ಮ್ 26 ಕೂಡ ಬೇಕು. ಅದಕ್ಕೆ ಮೂರು ತಿಂಗಳ ಅವಕಾಶ ಇದೆ, ಆದರೂ ಆಗಲೇ ಕೊಟ್ಟುಬಿಡುವುದು ಒಳ್ಳೆಯದು.

ಶುಲ್ಕ: ಅರ್ಜಿಗೆ ₹1,600, ಫಾರ್ಮ್ 9ಕ್ಕೆ ₹2,500, ಫಾರ್ಮ್ 18ಎಗೆ ₹8,000. ಒಟ್ಟು ₹12,100. ಇದು 30 ಪುಟ ಮತ್ತು 10 ಕ್ಲೇಮುಗಳವರೆಗೆ (ಕ್ಲೇಮು ಎಂದರೆ ಯಾವುದರ ಮೇಲೆ ಹಕ್ಕು ಬೇಕೆಂದು ಹೇಳುವ ವಾಕ್ಯ). ಅದನ್ನು ಮೀರಿದರೆ ಪ್ರತಿ ಪುಟಕ್ಕೆ ₹160, ಪ್ರತಿ ಕ್ಲೇಮಿಗೆ ₹320. ನಿಮ್ಮ ಸ್ಪೆಸಿಫಿಕೇಶನ್ 42 ಪುಟ, 14 ಕ್ಲೇಮು ಆದರೆ ಹೆಚ್ಚುವರಿ ₹1,920 ಮತ್ತು ₹1,280 ಸೇರಿ ಇನ್ನೂ ₹3,200 ಆಗುತ್ತದೆ. ಈಗಾಗಲೇ ಫಾರ್ಮ್ 18 ಕೊಟ್ಟವರು ಅದನ್ನು 18ಎಗೆ ಬದಲಾಯಿಸಿಕೊಳ್ಳಬಹುದು, ಅದಕ್ಕೆ ₹4,000. ಏಜೆಂಟರ ಸಂಭಾವನೆ ಇದರಲ್ಲಿ ಸೇರಿಲ್ಲ.

ಇನ್ನು ಕಾಲ. ಫಾರ್ಮ್ 9 ಕೊಟ್ಟ ಒಂದು ತಿಂಗಳೊಳಗೆ ಅರ್ಜಿ ಜರ್ನಲ್‌ನಲ್ಲಿ ಪ್ರಕಟವಾಗಬೇಕು. ಫಾರ್ಮ್ 9 ಇಲ್ಲದಿದ್ದರೆ 18 ತಿಂಗಳು ಕಾಯಬೇಕಿತ್ತು. ತ್ವರಿತ ಸಾಲಿನಲ್ಲಿ ಪರೀಕ್ಷಕರು ಕಡತ ಕೈಗೆ ಬಂದ ಒಂದು ತಿಂಗಳಲ್ಲಿ, ಹೆಚ್ಚೆಂದರೆ ಎರಡು ತಿಂಗಳಲ್ಲಿ, ಅರ್ಜಿಯ ತೀರ್ಮಾನ ಮಾಡುವ ಅಧಿಕಾರಿಯಾದ ಕಂಟ್ರೋಲರ್‌ಗೆ ವರದಿ ಕೊಡಬೇಕು. ಕಂಟ್ರೋಲರ್ ಅದನ್ನು ನೋಡಿ ಮುಗಿಸಿದ ಮೇಲೆ ಎಫ್‌ಇಆರ್ ಎನ್ನುವ ಮೊದಲ ಪರೀಕ್ಷಾ ವರದಿ ನಿಮಗೆ ಬರುತ್ತದೆ. ನೀವು ಕೊನೆಯ ಉತ್ತರ ಕೊಟ್ಟ ಮೂರು ತಿಂಗಳೊಳಗೆ ಅರ್ಜಿ ಇತ್ಯರ್ಥವಾಗಬೇಕು. ಯಾರಾದರೂ ಮಂಜೂರಾತಿಗೆ ಮೊದಲೇ ಆಕ್ಷೇಪ ಸಲ್ಲಿಸಿದರೆ ಮಾತ್ರ ಈ ಮೂರು ತಿಂಗಳ ಕಟ್ಟು ಅನ್ವಯಿಸುವುದಿಲ್ಲ.

ಎಷ್ಟೇ ಅವಸರ ಮಾಡಿದರೂ ದಾಟಲಾಗದ ಗೆರೆ ಒಂದಿದೆ. ಅರ್ಜಿ ಪ್ರಕಟವಾಗಿ ಆರು ತಿಂಗಳು ಕಳೆಯುವವರೆಗೆ ಪೇಟೆಂಟ್ ಕೊಡುವಂತಿಲ್ಲ. ಆಕ್ಷೇಪಿಸುವವರಿಗೆ ಇರುವ ಕಾಲಾವಕಾಶ ಅದು. ಹೀಗಾಗಿ ಅರ್ಜಿ ಹಾಕಿದ ದಿನವೇ ಫಾರ್ಮ್ 9 ಕೊಟ್ಟು, ಎಲ್ಲವೂ ನೆಟ್ಟಗೆ ನಡೆದರೂ ಸುಮಾರು ಏಳು ತಿಂಗಳಿಗಿಂತ ಮೊದಲು ಪೇಟೆಂಟ್ ನಿರೀಕ್ಷಿಸಬೇಡಿ. ಹಾಗೆಯೇ, ಎಫ್‌ಇಆರ್‌ಗೆ ಉತ್ತರಿಸಲು ಆರು ತಿಂಗಳು ಇದೆಯೆಂದು ಆರು ತಿಂಗಳನ್ನೂ ತೆಗೆದುಕೊಂಡರೆ ₹8,000 ಕಟ್ಟಿ ಗಳಿಸಿದ ವೇಗವನ್ನು ನಿಮ್ಮ ಮೇಜಿನ ಮೇಲೆಯೇ ಕಳೆದಂತೆ.

ಕಾರ್ಖಾನೆಗಳ ಅರ್ಜಿಯಲ್ಲಿ ಪದೇಪದೇ ಕಾಣುವ ತೊಡಕುಗಳು ಮೂರು. ಉದ್ಯಮ್ ಪ್ರಮಾಣಪತ್ರದಲ್ಲಿರುವ ಹೆಸರಿಗೂ ಫಾರ್ಮ್ 1ರ ಹೆಸರಿಗೂ ವ್ಯತ್ಯಾಸ ಇರುವುದು ಒಂದು. ದೊಡ್ಡ ಕಂಪನಿಯನ್ನು ಸಹ ಅರ್ಜಿದಾರರಾಗಿ ಸೇರಿಸಿಕೊಂಡು ರಿಯಾಯಿತಿ ಶುಲ್ಕವನ್ನೇ ಕಟ್ಟುವುದು ಇನ್ನೊಂದು. ಎಲ್ಲ ಅರ್ಜಿದಾರರೂ ಅರ್ಹರಾಗಿದ್ದರೆ ಮಾತ್ರ ರಿಯಾಯಿತಿ. ಮೂರನೆಯದು ಹಕ್ಕಿನ ದಾಖಲೆ. ಸಂಶೋಧಿಸಿದವರು ನಿಮ್ಮ ಎಂಜಿನಿಯರ್, ಅರ್ಜಿದಾರರು ಕಂಪನಿ. ಆ ಎಂಜಿನಿಯರ್ ಹಕ್ಕನ್ನು ಕಂಪನಿಗೆ ಬಿಟ್ಟುಕೊಟ್ಟಿದ್ದಕ್ಕೆ ಆಧಾರ ಬೇಕು. ಫಾರ್ಮ್ 1ರಲ್ಲಿ ಸಂಶೋಧಕರ ಘೋಷಣೆಯ ಜಾಗದಲ್ಲಿ ಅವರ ಸಹಿ ಹಾಕಿಸಿದರೆ ಸಾಕು. ಆರು ತಿಂಗಳೊಳಗೆ ಕೊಡಬಹುದು ಎಂದು ಬಿಟ್ಟರೆ, ಅಷ್ಟರಲ್ಲಿ ಆ ಎಂಜಿನಿಯರ್ ಕೆಲಸ ಬಿಟ್ಟು ಹೋಗಿರುತ್ತಾರೆ, ಸಹಿಗಾಗಿ ಅಲೆಯಬೇಕಾಗುತ್ತದೆ.

ಪ್ರಶ್ನೆ: ನಾನು ಒಬ್ಬನೇ ಸಂಶೋಧಕ, ಕಂಪನಿ ಇಲ್ಲ. ಹೆಂಡತಿಯ ಹೆಸರು ಸೇರಿಸಿದರೆ ತ್ವರಿತ ಪರೀಕ್ಷೆ ಸಿಗುತ್ತದೆ ಎಂದು ಒಬ್ಬರು ಹೇಳಿದರು. ನಿಜವೇ?
— ಓದುಗರು, ಹಾಸನ

ಉತ್ತರ: ಅರ್ಧ ನಿಜ. ಅರ್ಜಿದಾರರೆಲ್ಲ ವ್ಯಕ್ತಿಗಳೇ ಆಗಿದ್ದು, ಅವರಲ್ಲಿ ಒಬ್ಬರಾದರೂ ಮಹಿಳೆ ಇದ್ದರೆ ತ್ವರಿತ ಪರೀಕ್ಷೆ ಕೇಳಬಹುದು. 2019ರ ತಿದ್ದುಪಡಿಯಿಂದ ಬಂದ ಅವಕಾಶ ಇದು. ಮಹಿಳಾ ಸಂಶೋಧಕರು ಮುಂದೆ ಬರಲಿ ಎಂಬುದು ಅದರ ಆಶಯ.

ಕೆಲಸದಲ್ಲಿ ಪಾಲಿಲ್ಲದವರನ್ನು ಫಾರ್ಮ್ 5ರಲ್ಲಿ ಸಂಶೋಧಕಿ ಎಂದು ಬರೆಯುವುದು ಸುಳ್ಳು ಘೋಷಣೆ. ಮುಂದೆ ಎದುರಾಳಿಯೊಬ್ಬರು ಪೇಟೆಂಟ್ ರದ್ದು ಕೋರಿ ಹೋದಾಗ ಅದೇ ಅವರ ಕೈಗೆ ಸಿಗುವ ಆಯುಧವಾಗುತ್ತದೆ. ನಿಮ್ಮ ಪತ್ನಿ ನಿಜವಾಗಿಯೂ ಸಂಶೋಧನೆಯಲ್ಲಿ ತೊಡಗಿದ್ದರೆ ಹೆಸರು ಸೇರಿಸಿ, ಸಂತೋಷದಿಂದ ಸೇರಿಸಿ. ಇಲ್ಲದಿದ್ದರೆ ಹಕ್ಕಿನಲ್ಲಿ ಒಂದು ಪಾಲನ್ನು ಲಿಖಿತ ಪತ್ರದ ಮೂಲಕ ಅವರಿಗೆ ವರ್ಗಾಯಿಸಿ ಅರ್ಜಿದಾರರನ್ನಾಗಿ ಮಾಡಲು ಕಾನೂನು ಬಿಡುತ್ತದೆ. ಆದರೆ ಅದು ಬರೀ ಕಾಗದದ ಮಾತಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ ಸಹ ಮಾಲೀಕರಿಗೆ ಸಮಪಾಲು, ಮತ್ತು ಒಬ್ಬರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಲೈಸೆನ್ಸ್ ಕೊಡುವಂತಿಲ್ಲ, ಪಾಲು ಮಾರುವಂತಿಲ್ಲ.

ನಿಮಗೆ ಬೇರೆ ದಾರಿಗಳಿವೆ. ಸಂಶೋಧನೆಯನ್ನು ವ್ಯಾಪಾರವಾಗಿ ಬೆಳೆಸುವ ಯೋಚನೆ ಇದ್ದರೆ ಕಂಪನಿ ಅಥವಾ ಎಲ್‌ಎಲ್‌ಪಿ ನೋಂದಾಯಿಸಿ, ಕೇಂದ್ರದ ಡಿಪಿಐಐಟಿಯಿಂದ ಸ್ಟಾರ್ಟಪ್ ಮಾನ್ಯತೆ ಪಡೆದು, ಅರ್ಜಿಯನ್ನು ಫಾರ್ಮ್ 6ರ ಮೂಲಕ ಅದರ ಹೆಸರಿಗೆ ಬದಲಾಯಿಸಿ, ಆಮೇಲೆ 18ಎ ಕೊಡಬಹುದು. ಇಂಥ ಸ್ಟಾರ್ಟಪ್‌ಗಳಿಗೆ ಇನ್ನೊಂದು ಅನುಕೂಲವೂ ಇದೆ. ಕೇಂದ್ರದ ಯೋಜನೆಯಡಿ ನೇಮಕವಾದ ಪೇಟೆಂಟ್ ಫೆಸಿಲಿಟೇಟರ್‌ಗಳ ಸಂಭಾವನೆಯನ್ನು ಸರ್ಕಾರವೇ ಭರಿಸುತ್ತದೆ. ಅರ್ಜಿ ಶುಲ್ಕ ಮಾತ್ರ ನಿಮ್ಮದು.

ವಿದೇಶದಲ್ಲೂ ಪೇಟೆಂಟ್ ಬೇಕೆನ್ನುವವರಿಗೆ ಪಿಸಿಟಿ ದಾರಿ, ಅಂದರೆ ಹಲವು ದೇಶಗಳಿಗೆ ಒಂದೇ ಅರ್ಜಿಯಿಂದ ಶುರುಮಾಡಲು ಬಿಡುವ ಅಂತರರಾಷ್ಟ್ರೀಯ ಒಪ್ಪಂದ. ಪಿಸಿಟಿ ಅಂತರರಾಷ್ಟ್ರೀಯ ಅರ್ಜಿಯಲ್ಲಿ ಹಳೆಯ ದಾಖಲೆಗಳ ಹುಡುಕಾಟದ ಸಂಸ್ಥೆಯಾಗಿ ಭಾರತದ ಪೇಟೆಂಟ್ ಕಚೇರಿಯನ್ನೇ ಆಯ್ದುಕೊಂಡರೆ, ಭಾರತದಲ್ಲಿ ನೀವು ಹಾಕುವ ಅದರ ರಾಷ್ಟ್ರೀಯ ಹಂತದ ಅರ್ಜಿಗೆ ತ್ವರಿತ ಪರೀಕ್ಷೆ ಕೇಳುವ ಅರ್ಹತೆ ಬರುತ್ತದೆ. ಒಂಟಿ ಪುರುಷ ಸಂಶೋಧಕರಿಗೂ, ದೊಡ್ಡ ಕಂಪನಿಗಳಿಗೂ ಇದು ತೆರೆದಿದೆ. ದೊಡ್ಡ ಕಂಪನಿಗೆ 18ಎ ಶುಲ್ಕ ₹60,000. ಭಾರತೀಯ ವ್ಯಕ್ತಿಗಳಿಗೆ ಪಿಸಿಟಿಯ ಅಂತರರಾಷ್ಟ್ರೀಯ ಅರ್ಜಿ ಶುಲ್ಕದಲ್ಲಿ ಶೇ 90 ರಿಯಾಯಿತಿ ಇದೆ. ಭಾರತದಲ್ಲಿ ಮಾತ್ರ ಪೇಟೆಂಟ್ ಸಾಕು ಎನ್ನುವವರು ಇಷ್ಟು ಸುತ್ತಬೇಕಿಲ್ಲ. ಮೊದಲ ದಿನವೇ ಫಾರ್ಮ್ 9 ಮತ್ತು ಸಾಮಾನ್ಯ ಫಾರ್ಮ್ 18 ಕೊಟ್ಟರೆ ₹8,100ಕ್ಕೆ ಕೆಲಸ ಮುಗಿಯುತ್ತದೆ, ಸರದಿಯೂ ಅಂದಿನಿಂದಲೇ ಶುರು.

ಪ್ರಶ್ನೆ: ಎಫ್‌ಇಆರ್ ಬಂದಿದೆ. ‘ಹೊಸತನವಿಲ್ಲ, ಸಂಶೋಧನಾತ್ಮಕ ಹೆಜ್ಜೆಯಿಲ್ಲ, ಸೆಕ್ಷನ್ 3(ಕೆ)’ ಎಂದೆಲ್ಲ ಬರೆದಿದ್ದಾರೆ. ನಮ್ಮದು ಕಾರ್ಖಾನೆ ಮೋಟಾರ್‌ಗಳ ಕಂಪನ ಅಳೆದು ಬೇರಿಂಗ್ ಕೆಡುವುದನ್ನು ಮೊದಲೇ ಹೇಳುವ ಸಾಧನ. ಅರ್ಜಿ ತಿರಸ್ಕೃತವಾದಂತೆಯೇ?
— ಸ್ಟಾರ್ಟಪ್ ತಂಡ, ಬೆಂಗಳೂರು

ಉತ್ತರ: ಇಲ್ಲ. ಯಾವ ಆಕ್ಷೇಪವೂ ಇಲ್ಲದ ಎಫ್‌ಇಆರ್ ಅಪರೂಪ. ಅಲ್ಲಿಂದಲೇ ನಿಜವಾದ ಕೆಲಸ ಶುರು.

ಮೊದಲು ದಿನಾಂಕ. ಎಫ್‌ಇಆರ್ ಹೊರಡಿಸಿದ ದಿನದಿಂದ ಆರು ತಿಂಗಳು, ನೀವು ಇಮೇಲ್ ತೆರೆದ ದಿನದಿಂದಲ್ಲ. ಫಾರ್ಮ್ 4 ಕೊಟ್ಟು ಶುಲ್ಕ ಕಟ್ಟಿದರೆ ಇನ್ನು ಮೂರು ತಿಂಗಳು ಸಿಗಬಹುದು. ಅದೂ ಮೀರಿದರೆ ಅರ್ಜಿ ಕೈಬಿಟ್ಟಂತೆ. ಫಾರ್ಮ್ 1ರಲ್ಲಿ ಕೆಲಸ ಬಿಟ್ಟುಹೋದವರ ಇಮೇಲ್ ಕೊಟ್ಟಿದ್ದರಿಂದ ಎಫ್‌ಇಆರ್ ಯಾರ ಕಣ್ಣಿಗೂ ಬೀಳದೆ ಅರ್ಜಿ ಸತ್ತುಹೋಗುವುದುಂಟು. ಕಂಪನಿಯ ಸಾಮಾನ್ಯ ವಿಳಾಸವನ್ನು ಕೊಡಿ.

ಎಫ್‌ಇಆರ್‌ನಲ್ಲಿ ತಾಂತ್ರಿಕ ಆಕ್ಷೇಪಗಳು ಒಂದು ಭಾಗದಲ್ಲಿ, ಕಾಗದಪತ್ರಗಳ ಕೊರತೆ ಇನ್ನೊಂದು ಭಾಗದಲ್ಲಿ ಇರುತ್ತವೆ. ಸಹಿ, ಹಕ್ಕಿನ ದಾಖಲೆ, ಫಾರ್ಮ್ 3 ಇಂಥವನ್ನು ಮೊದಲ ವಾರದಲ್ಲೇ ಮುಗಿಸಿಬಿಡಿ. ವಿದೇಶದಲ್ಲಿ ಅರ್ಜಿ ಇದ್ದರೆ ಹೊಸ ಫಾರ್ಮ್ 3 ಕೊಡಲು ಎಫ್‌ಇಆರ್ ದಿನದಿಂದ ಮೂರು ತಿಂಗಳು ಮಾತ್ರ, ಆರು ತಿಂಗಳಲ್ಲ. ಉತ್ತರದ ಜೊತೆಗೇ ಕೊಡೋಣ ಎಂದು ಕಾದವರು ಇಲ್ಲಿ ಎಡವುತ್ತಾರೆ.

ಹೊಸತನದ ಆಕ್ಷೇಪಕ್ಕೆ ಪರೀಕ್ಷಕರು ಡಿ1, ಡಿ2 ಎಂದು ಹಳೆಯ ದಾಖಲೆಗಳನ್ನು ಹೆಸರಿಸಿರುತ್ತಾರೆ. ಅವನ್ನು ಪೂರ್ತಿ ಓದಿ. ನಿಮ್ಮ ಮೊದಲ ಕ್ಲೇಮನ್ನು ಅಂಶ ಅಂಶವಾಗಿ ಬಿಡಿಸಿ ಒಂದು ಪಟ್ಟಿ ಮಾಡಿ: ಸೆನ್ಸರ್ ಎಲ್ಲಿ ಕೂರುತ್ತದೆ, ಸಂಕೇತವನ್ನು ಯಾವ ಕ್ರಮದಲ್ಲಿ ಸೋಸಲಾಗುತ್ತದೆ, ಮಿತಿಯನ್ನು ಹೇಗೆ ನಿಗದಿ ಮಾಡುತ್ತೀರಿ, ಎಚ್ಚರಿಕೆ ಬಂದ ಮೇಲೆ ಮೋಟಾರಿಗೆ ಏನಾಗುತ್ತದೆ. ಪ್ರತಿ ಅಂಶದ ಎದುರು ಅದು ಡಿ1ರಲ್ಲಿದೆಯೇ, ಡಿ2ರಲ್ಲಿದೆಯೇ ಗುರುತಿಸಿ. ಎರಡರಲ್ಲೂ ಇಲ್ಲದ ಅಂಶವನ್ನು ಮೊದಲ ಕ್ಲೇಮಿಗೆ ಸೇರಿಸಿ, ಅದರಿಂದ ಸಿಗುವ ತಾಂತ್ರಿಕ ಲಾಭವನ್ನು ಅಳತೆಯೊಂದಿಗೆ ಹೇಳಿ. ‘ನಮ್ಮದು ಹೆಚ್ಚು ದಕ್ಷ’ ಎಂಬ ಮಾತಿಗೆ ಬೆಲೆಯಿಲ್ಲ.

3(ಕೆ) ಹೇಳುವುದು ಕಂಪ್ಯೂಟರ್ ಪ್ರೋಗ್ರಾಂ ತನ್ನಷ್ಟಕ್ಕೆ, ಗಣಿತದ ವಿಧಾನ, ವ್ಯಾಪಾರದ ವಿಧಾನ, ಅಲ್ಗಾರಿದಂ ಪೇಟೆಂಟಿಗೆ ಅರ್ಹವಲ್ಲ ಎಂದು. ಫೆರಿದ್ ಅಲ್ಲಾನಿ ಪ್ರಕರಣದಲ್ಲಿ 2019ರಲ್ಲಿ ದೆಹಲಿ ಹೈಕೋರ್ಟ್, ತಾಂತ್ರಿಕ ಪರಿಣಾಮ ತೋರಿಸುವ ಸಂಶೋಧನೆಯನ್ನು ಕಂಪ್ಯೂಟರ್ ಪ್ರೋಗ್ರಾಂ ಬಳಸಿದೆ ಎಂಬ ಕಾರಣಕ್ಕಷ್ಟೇ ತಳ್ಳಿಹಾಕುವಂತಿಲ್ಲ ಎಂದಿದೆ. ನಿಮ್ಮ ಸಾಧನದಲ್ಲಿ ಅಂಥ ಪರಿಣಾಮ ಕಣ್ಣೆದುರೇ ಇದೆ. ಕ್ಲೇಮು ಕಂಪನ ಅಳೆಯುವ ಸೆನ್ಸರಿನಿಂದ ಶುರುವಾಗಿ ಮೋಟಾರಿನ ವೇಗ ತಗ್ಗಿಸುವಲ್ಲಿ ಮುಗಿದರೆ ಒಂದು ಮಾತು. ‘ದತ್ತಾಂಶ ಪಡೆಯುವುದು, ವಿಶ್ಲೇಷಿಸುವುದು, ತೋರಿಸುವುದು’ ಎಂದಷ್ಟೇ ಇದ್ದರೆ ಆಕ್ಷೇಪ ಬರುವುದು ಸಹಜ.

ಆದರೆ ಸೆಕ್ಷನ್ 59ರ ಬೇಲಿ ನೆನಪಿರಲಿ. ಮೊದಲು ಸಲ್ಲಿಸಿದ ಸ್ಪೆಸಿಫಿಕೇಶನ್‌ನಲ್ಲಿ ಇಲ್ಲದ್ದನ್ನು ಈಗ ಸೇರಿಸುವಂತಿಲ್ಲ. ಮೋಟಾರ್ ನಿಯಂತ್ರಣದ ವಿವರ ಅಲ್ಲಿ ಬರೆದೇ ಇಲ್ಲದಿದ್ದರೆ ಕ್ಲೇಮಿಗೂ ತರಲಾಗದು. ಅದಕ್ಕಾಗಿಯೇ ಮೊದಲ ದಿನದ ಸ್ಪೆಸಿಫಿಕೇಶನ್‌ನಲ್ಲಿ ಅಳತೆಗಳನ್ನು ಇಷ್ಟರಿಂದ ಇಷ್ಟರವರೆಗೆ ಎಂದು ಕೊಡಬೇಕು, ಎರಡು ಮೂರು ಪರ್ಯಾಯ ರಚನೆಗಳನ್ನು ಬರೆಯಬೇಕು, ಪ್ರಯೋಗದ ಅಂಕಿಗಳನ್ನು ಕೋಷ್ಟಕದಲ್ಲಿ ಕೂರಿಸಬೇಕು. ಬೇಗ ಅರ್ಜಿ ಹಾಕುವ ಭರದಲ್ಲಿ ಎಂಟು ಪುಟದ ಸ್ಪೆಸಿಫಿಕೇಶನ್ ಕೊಟ್ಟವರಿಗೆ ಎಫ್‌ಇಆರ್ ಬಂದಾಗ ಹಿಂದೆ ಸರಿಯಲು ಜಾಗವೇ ಇರುವುದಿಲ್ಲ.

ಪ್ರಶ್ನೆ: ನಮ್ಮ ಮಹಿಳಾ ಸ್ವಸಹಾಯ ಸಂಘದವರು ಹಲಸಿನ ಬೀಜದ ಹಿಟ್ಟು ಮತ್ತು ಕೆಲವು ಧಾನ್ಯ ಸೇರಿಸಿ ಬಹುಕಾಲ ಕೆಡದ ಮಿಶ್ರಣ ಮಾಡಿದ್ದೇವೆ. ಮಹಿಳೆಯರು ಎಂಬ ಕಾರಣಕ್ಕೆ ಬೇಗ ಆಗುತ್ತದೆಯೇ?
— ಓದುಗರು, ಶಿರಸಿ

ಉತ್ತರ: ಸಂಘ ‘ವ್ಯಕ್ತಿ’ ಅಲ್ಲ. ಮಹಿಳಾ ಅರ್ಜಿದಾರರ ಅವಕಾಶ ಬೇಕಾದರೆ ಮಿಶ್ರಣ ಕಂಡುಹಿಡಿದ ಸದಸ್ಯೆಯರು ತಮ್ಮ ತಮ್ಮ ಹೆಸರಿನಲ್ಲೇ ಅರ್ಜಿದಾರರಾಗಬೇಕು. ಆಗ ಫಾರ್ಮ್ 28 ಕೂಡ ಬೇಕಿಲ್ಲ.

ನಿಮ್ಮ ಅರ್ಜಿ ಸಿಕ್ಕಿಕೊಳ್ಳಬಹುದಾದ ಜಾಗ ಬೇರೆ. ಪದಾರ್ಥಗಳನ್ನು ಬೆರೆಸಿದಾಗ ಅವುಗಳ ಗುಣಗಳು ಬರಿದೇ ಕೂಡಿಕೊಂಡರೆ ಸೆಕ್ಷನ್ 3(ಇ) ಅಡ್ಡ ಬರುತ್ತದೆ. ಬೀಜದ ಹಿಟ್ಟು ಮಾತ್ರ, ಧಾನ್ಯ ಮಾತ್ರ, ಎರಡೂ ಸೇರಿದ ಮಿಶ್ರಣ: ಮೂರನ್ನೂ ಒಂದೇ ಪರಿಸ್ಥಿತಿಯಲ್ಲಿಟ್ಟು ತೇವಾಂಶ, ಕಮಟು, ಬೂಷ್ಟಿನ ಅಂಕಿಗಳನ್ನು ವಾರವಾರಕ್ಕೆ ಬರೆದಿಡಿ. ಮಿಶ್ರಣ ಉಳಿದೆರಡರಿಂದ ನಿರೀಕ್ಷಿಸುವುದಕ್ಕಿಂತ ಹೆಚ್ಚು ಬಾಳಿಕೆ ತೋರಿದರೆ ಆ ಕೋಷ್ಟಕವೇ ನಿಮ್ಮ ಬಲ. ಅಜ್ಜಿಯ ಕಾಲದಿಂದ ಮಾಡುತ್ತಿದ್ದ ವಿಧಾನವಾದರೆ 3(ಪಿ) ಪ್ರಕಾರ ಅದು ಸಾಂಪ್ರದಾಯಿಕ ಜ್ಞಾನ, ಪೇಟೆಂಟ್ ಸಿಗದು. ನಿಮ್ಮದೇ ಆದ ಹುರಿಯುವ ಉಷ್ಣಾಂಶ, ಪ್ರಮಾಣ, ಹಂತ ಇದ್ದರೆ ಅದನ್ನು ಕ್ಲೇಮು ಮಾಡಿ.

ಜೈವಿಕ ಸಂಪನ್ಮೂಲ ಬಳಸಿದ ಸಂಶೋಧನೆಯಲ್ಲಿ ಅದು ಎಲ್ಲಿಂದ ಬಂತೆಂದು ಸ್ಪೆಸಿಫಿಕೇಶನ್‌ನಲ್ಲಿ ಹೇಳಬೇಕು. ಜೀವವೈವಿಧ್ಯ ಕಾಯ್ದೆಯ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ ಭಾರತೀಯ ಅರ್ಜಿದಾರರು ಪೇಟೆಂಟ್ ಮಂಜೂರಾಗುವ ಮೊದಲು ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ಎಲ್ಲ ಆಕ್ಷೇಪ ಮುಗಿದು ಈ ಒಂದು ಕಾಗದಕ್ಕಾಗಿ ಪೇಟೆಂಟ್ ನಿಲ್ಲಬಾರದು, ಆದ್ದರಿಂದ ಅರ್ಜಿ ಹಾಕಿದ ಬೆನ್ನಿಗೇ ಅದನ್ನೂ ಶುರುಮಾಡಿ. ಯಂತ್ರ, ಉಪಕರಣಗಳ ಸಂಶೋಧಕರಿಗೂ ಇಲ್ಲಿ ಒಂದು ಸೂಚನೆ: ಫಾರ್ಮ್ 1ರಲ್ಲಿ ಜೈವಿಕ ವಸ್ತು ಬಳಸಿದ್ದೇವೆ ಎಂಬ ಸಿದ್ಧ ಘೋಷಣೆ ಇರುತ್ತದೆ. ನಿಮಗೆ ಅದು ಅನ್ವಯಿಸದಿದ್ದರೆ ಹೊಡೆದುಹಾಕಿ. ಹಾಗೇ ಬಿಟ್ಟರೆ ಸಂಬಂಧವಿಲ್ಲದ ಅನುಮತಿಪತ್ರ ಕೇಳಿ ಆಕ್ಷೇಪ ಬರುತ್ತದೆ.

ಪ್ರಶ್ನೆ: ‘ಒಂದೇ ತಿಂಗಳಲ್ಲಿ ಪೇಟೆಂಟ್, ಪ್ರಮಾಣಪತ್ರ ಸಹಿತ’ ಎಂದು ನಮ್ಮ ಕಾಲೇಜಿನ ಅಧ್ಯಾಪಕರಿಗೆಲ್ಲ ಸಂದೇಶ ಬರುತ್ತಿದೆ. ನಂಬಬಹುದೇ?
— ಉಪನ್ಯಾಸಕಿ, ದಾವಣಗೆರೆ

ಉತ್ತರ: ನಂಬಬೇಡಿ. ಪ್ರಕಟಣೆಯಾಗಿ ಆರು ತಿಂಗಳು ಕಳೆಯದೆ ಭಾರತದಲ್ಲಿ ಯಾವ ಪೇಟೆಂಟೂ ಸಿಗುವುದಿಲ್ಲ. ಒಂದು ತಿಂಗಳಲ್ಲಿ ಸಿಗುವುದು ಜರ್ನಲ್‌ನಲ್ಲಿ ಪ್ರಕಟಣೆ. ಪ್ರತಿ ಶುಕ್ರವಾರ ಹೊರಬರುವ ಪೇಟೆಂಟ್ ಜರ್ನಲ್‌ನಲ್ಲಿ ಹೆಸರು ಬಂದರೆ ಅರ್ಜಿ ಸಾರ್ವಜನಿಕವಾಯಿತು ಎಂದಷ್ಟೇ ಅರ್ಥ, ಅದರ ಗುಣವನ್ನು ಯಾರೂ ಪರೀಕ್ಷಿಸಿರುವುದಿಲ್ಲ.

ಇನ್ನು ಕೆಲವರು ‘ಡಿಸೈನ್ ಪೇಟೆಂಟ್’ ಎಂದು ಕೊಡುವುದು 2000ದ ಡಿಸೈನ್ಸ್ ಕಾಯ್ದೆಯ ನೋಂದಣಿಯನ್ನು. ಅದು ವಸ್ತುವಿನ ಹೊರರೂಪಕ್ಕೆ ಮಾತ್ರ ರಕ್ಷಣೆ ಕೊಡುತ್ತದೆ, ಅದು ಕೆಲಸ ಮಾಡುವ ರೀತಿಗಲ್ಲ. ಮತ್ತೆ ಕೆಲವರು ತಾಂತ್ರಿಕ ಪರೀಕ್ಷೆಯಿಲ್ಲದೆ ನೋಂದಾಯಿಸುವ ಹೊರದೇಶದ ಪತ್ರಗಳನ್ನು ಮಾರುತ್ತಾರೆ. ಹತ್ತು ಮಂದಿ ಅಪರಿಚಿತರ ಹೆಸರು ಸೇರಿಸಿದ ಅರ್ಜಿಯಲ್ಲಿ ನಿಮ್ಮದೂ ಒಂದು ಹೆಸರಿದ್ದರೆ ಅದು ಸುಳ್ಳು ಘೋಷಣೆಯಲ್ಲಿ ಪಾಲು ಪಡೆದಂತೆ. ವಿದ್ಯಾರ್ಥಿಗಳಿಗೆ ಸಂಶೋಧನೆ ಕಲಿಸಬೇಕಾದ ಜಾಗದಲ್ಲಿ ಈ ವ್ಯಾಪಾರ ಬೇರೂರುತ್ತಿರುವುದು ನಮಗೆ ತುಂಬಾ ನೋವಿನ ಸಂಗತಿ.

ಪರಿಶೀಲಿಸುವುದು ಸುಲಭ. ಅರ್ಜಿ ಸಂಖ್ಯೆಯಲ್ಲಿ 12 ಅಂಕಿಗಳಿರುತ್ತವೆ. ಮೊದಲ ನಾಲ್ಕು ವರ್ಷ, ಐದನೆಯದು ಕಚೇರಿ (ಚೆನ್ನೈಗೆ 4), ಆರನೆಯದು ಅರ್ಜಿಯ ಬಗೆ. 202541 ಎಂದು ಶುರುವಾದರೆ 2025ರಲ್ಲಿ ಚೆನ್ನೈಗೆ ಸಲ್ಲಿಸಿದ ಸಾಮಾನ್ಯ ಅರ್ಜಿ. ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾವ ಹಂತದಲ್ಲಿದೆ ತಿಳಿಯುತ್ತದೆ. ಏಜೆಂಟರ ಹೆಸರು ನೋಂದಾಯಿತ ಪೇಟೆಂಟ್ ಏಜೆಂಟರ ಪಟ್ಟಿಯಲ್ಲಿದೆಯೇ ಎಂದೂ ಅಲ್ಲೇ ನೋಡಬಹುದು. ಮಾರ್ಗದರ್ಶನ ಬೇಕಿದ್ದರೆ ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರವನ್ನು ಕೇಳಿ.

ಪ್ರಶ್ನೆ: ಕೃಷಿ ಮೇಳದಲ್ಲಿ ನನ್ನ ಕಳೆ ತೆಗೆಯುವ ಯಂತ್ರ ಪ್ರದರ್ಶಿಸುವ ಆಸೆ. ಸ್ಪೆಸಿಫಿಕೇಶನ್ ಸಿದ್ಧವಿಲ್ಲ. ಏನು ಮಾಡಲಿ?
— ಓದುಗರು, ಧಾರವಾಡ

ಉತ್ತರ: ಮೇಳಕ್ಕೆ ಮೊದಲೇ ಪ್ರಾವಿಷನಲ್ ಅರ್ಜಿ ಹಾಕಿ, ಶುಲ್ಕ ₹1,600. ಚಿತ್ರಗಳನ್ನೂ ಯಂತ್ರ ಕೆಲಸ ಮಾಡುವ ಬಗೆಯನ್ನೂ ಸಾಧ್ಯವಾದಷ್ಟು ವಿವರವಾಗಿ ಕೊಡಿ, ಏಕೆಂದರೆ ಅದರಲ್ಲಿ ಬರೆದಷ್ಟಕ್ಕೆ ಮಾತ್ರ ಆ ದಿನಾಂಕದ ರಕ್ಷಣೆ. 12 ತಿಂಗಳೊಳಗೆ ಪೂರ್ಣ ಸ್ಪೆಸಿಫಿಕೇಶನ್ ಕೊಡಬೇಕು. ಅದು ಬರುವವರೆಗೆ ಫಾರ್ಮ್ 9, 18, 18ಎ ಯಾವುದೂ ನಡೆಯುವುದಿಲ್ಲ, ಆದ್ದರಿಂದ ಬೇಗ ಬೇಕೆನ್ನುವವರು 12 ತಿಂಗಳು ಕಾಯದೆ ಎರಡು ಮೂರು ತಿಂಗಳಲ್ಲೇ ಮುಗಿಸಲಿ. ಪ್ರದರ್ಶನದ ನಂತರವೂ 12 ತಿಂಗಳು ಅವಕಾಶ ಕೊಡುವ ಸೆಕ್ಷನ್ 31 ಇದೆ, ಆದರೆ ಅದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಗಳಿಗೆ. ಎಲ್ಲ ಮೇಳಕ್ಕೂ, ಯೂಟ್ಯೂಬ್ ವಿಡಿಯೊಗೂ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ. ಅರ್ಜಿ, ಸ್ಪೆಸಿಫಿಕೇಶನ್ ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು. ಚಿತ್ರಗಳು ಎ4 ಹಾಳೆಯಲ್ಲಿ, ಮೇಲೆ ಮತ್ತು ಎಡಕ್ಕೆ 4 ಸೆಂ.ಮೀ., ಕೆಳಗೆ ಮತ್ತು ಬಲಕ್ಕೆ 3 ಸೆಂ.ಮೀ. ಅಂಚು ಬಿಟ್ಟಿರಬೇಕು.

ಪ್ರಶ್ನೆ: ಒಬ್ಬ ಸಂಶೋಧಕ ಮೈಸೂರಿನಲ್ಲಿ, ಇನ್ನೊಬ್ಬ ಅಮೆರಿಕದಲ್ಲಿ. ಬೇಗ ಆಗಲೆಂದು ಅಮೆರಿಕದಲ್ಲೇ ಮೊದಲು ಅರ್ಜಿ ಹಾಕಬಹುದೇ?
— ಓದುಗರು, ಮೈಸೂರು

ಉತ್ತರ: ಅನುಮತಿ ಇಲ್ಲದೆ ಹಾಕಬೇಡಿ. ಸೆಕ್ಷನ್ 39ರ ಪ್ರಕಾರ ಭಾರತದಲ್ಲಿ ನೆಲೆಸಿದವರು ಇಲ್ಲಿ ಮೊದಲು ಅರ್ಜಿ ಹಾಕಿ ಆರು ವಾರ ಕಾಯಬೇಕು, ಇಲ್ಲವೇ ಫಾರ್ಮ್ 25ರಲ್ಲಿ ಅನುಮತಿ ಪಡೆಯಬೇಕು. ಪೌರತ್ವ ಯಾವುದೆಂಬುದು ಇಲ್ಲಿ ಮುಖ್ಯವಲ್ಲ, ವಾಸ ಎಲ್ಲಿ ಎಂಬುದು ಮುಖ್ಯ. ಅನುಮತಿಯನ್ನು ಸಾಮಾನ್ಯವಾಗಿ 21 ದಿನದೊಳಗೆ ಇತ್ಯರ್ಥಪಡಿಸಬೇಕು. ಉಲ್ಲಂಘಿಸಿದರೆ ಭಾರತದ ಅರ್ಜಿ ಕೈಬಿಟ್ಟಂತಾಗುತ್ತದೆ, ಶಿಕ್ಷೆಗೂ ಅವಕಾಶವಿದೆ. ಸಂಶೋಧನೆಯ ಒಂದು ಭಾಗ ಅಮೆರಿಕದಲ್ಲಿ ನಡೆದಿದ್ದರೆ ಅಲ್ಲಿನ ಕಾನೂನಿಗೂ ಇಂಥದೇ ಅನುಮತಿ ಬೇಕು, ಎರಡನ್ನೂ ನೋಡಿಕೊಳ್ಳಿ. ಅನುಮತಿ ಸಿಕ್ಕ ಮೇಲೆ ಅಲ್ಲಿ ‘ಟ್ರ್ಯಾಕ್ ಒನ್’ ಎಂಬ ತ್ವರಿತ ವ್ಯವಸ್ಥೆ ಇದೆ. ಪ್ರತ್ಯೇಕ ಶುಲ್ಕ ಕಟ್ಟಬೇಕು, ಸ್ವತಂತ್ರ ಕ್ಲೇಮುಗಳು ನಾಲ್ಕು, ಒಟ್ಟು ಕ್ಲೇಮುಗಳು 30 ಮೀರಬಾರದು.

ಪ್ರಶ್ನೆ: ಎಫ್‌ಇಆರ್‌ಗೆ ಉತ್ತರಿಸಿದ ಮೇಲೆ ಹಿಯರಿಂಗ್ ನೋಟಿಸ್ ಬಂದಿದೆ. ತಯಾರಿಗೆ ಸಮಯ ಕೇಳಲೇ?
— ಓದುಗರು, ಹುಬ್ಬಳ್ಳಿ

ಉತ್ತರ: ಅನಿವಾರ್ಯವಾದರೆ ಮಾತ್ರ. ಮುಂದೂಡಿಕೆಯನ್ನು ಎರಡು ಬಾರಿ, ಪ್ರತಿ ಸಲ ಹೆಚ್ಚೆಂದರೆ 30 ದಿನ ಕೇಳಬಹುದು, ಹಿಯರಿಂಗ್‌ಗೆ ಕನಿಷ್ಠ ಮೂರು ದಿನ ಮೊದಲು. ವಿಚಾರಣೆ ವಿಡಿಯೊ ಕಾನ್ಫರೆನ್ಸ್‌ನಲ್ಲಿ ನಡೆಯುವುದರಿಂದ ಚೆನ್ನೈಗೆ ಹೋಗುವ ಪ್ರಮೇಯವಿಲ್ಲ.

ನೋಟಿಸ್‌ನಲ್ಲಿ ಉಳಿದಿರುವ ಆಕ್ಷೇಪಗಳ ಪಟ್ಟಿ ಇರುತ್ತದೆ. ಅದಷ್ಟಕ್ಕೇ ತಯಾರಾಗಿ. ಎರಡು ಬಗೆಯ ಕ್ಲೇಮುಗಳನ್ನು ಬರೆದಿಟ್ಟುಕೊಳ್ಳಿ: ನಿಮಗೆ ಬೇಕಾದದ್ದು ಒಂದು, ಕಂಟ್ರೋಲರ್ ಒಪ್ಪದಿದ್ದರೆ ಇಳಿಯಬಹುದಾದ ಕಿರಿದಾದದ್ದು ಇನ್ನೊಂದು. ಸಂಶೋಧಕರನ್ನೂ ಜೊತೆಗೆ ಕೂರಿಸಿಕೊಳ್ಳಿ. ‘ಡಿ1ರಲ್ಲಿರುವ ಬ್ಲೇಡಿಗೂ ನಿಮ್ಮದಕ್ಕೂ ವ್ಯತ್ಯಾಸವೇನು’ ಎಂಬ ಪ್ರಶ್ನೆಗೆ ಯಂತ್ರ ಮಾಡಿದವರು ಕೊಡುವ ಉತ್ತರವೇ ಬೇರೆ. ಮುಗಿದ 15 ದಿನದೊಳಗೆ ಲಿಖಿತ ಹೇಳಿಕೆ ಮತ್ತು ತಿದ್ದಿದ ಕ್ಲೇಮುಗಳನ್ನು ಸಲ್ಲಿಸಬೇಕು. ಒಂದೆರಡು ದಿನದಲ್ಲೇ ಸಲ್ಲಿಸಿದರೆ ಇನ್ನೂ ಒಳ್ಳೆಯದು, ವಾದ ಕಂಟ್ರೋಲರ್ ನೆನಪಿನಲ್ಲಿ ಹಸಿಯಾಗಿರುತ್ತದೆ.

ತಿರಸ್ಕೃತವಾದರೆ ಫಾರ್ಮ್ 24ರಲ್ಲಿ ಒಂದು ತಿಂಗಳೊಳಗೆ ಮರುಪರಿಶೀಲನೆ ಕೋರಬಹುದು, ಇಲ್ಲವೇ ಮೂರು ತಿಂಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು. ಚೆನ್ನೈ ಕಚೇರಿಯ ಅರ್ಜಿಗಳಿಗೆ ಅದು ಮದ್ರಾಸ್ ಹೈಕೋರ್ಟ್. ಮಂಜೂರಾದರೆ ಅಷ್ಟರವರೆಗೆ ಬಾಕಿಯಾದ ನವೀಕರಣ ಶುಲ್ಕವನ್ನು ರಿಜಿಸ್ಟರಿನಲ್ಲಿ ದಾಖಲಾದ ದಿನದಿಂದ ಮೂರು ತಿಂಗಳೊಳಗೆ ಕಟ್ಟಿ. ವ್ಯಕ್ತಿಗಳಿಗೆ ಮೂರರಿಂದ ಆರನೆಯ ವರ್ಷದವರೆಗೆ ವರ್ಷಕ್ಕೆ ₹800. ಕನಿಷ್ಠ ನಾಲ್ಕು ವರ್ಷದ್ದನ್ನು ಒಟ್ಟಿಗೆ ಆನ್‌ಲೈನ್‌ನಲ್ಲಿ ಮುಂಗಡ ಕಟ್ಟಿದರೆ ಶೇ 10 ರಿಯಾಯಿತಿ ಸಿಗುತ್ತದೆ.